ಕಾರ್ಟಿಸಾಲ್ ಇಳಿಸೋ ಗುಳಿಗಿ ಕೇಳೋಕ್ಕಿಂತ ಮೊದ್ಲು ಅದು ಎಲ್ಲಿಂದ ಬಂತು ನೋಡ್ರಿ

ತಂಗಿ ಮುಖ ಉಬ್ಬೈತಿ, ಹೊಟ್ಟಿ ಮ್ಯಾಲೆ ನೇರಳೆ ಗೆರಿ ಬಿದ್ದಾವು, ರಕ್ತದಾಗ ಕಾರ್ಟಿಸಾಲ್ (ಕಿಡ್ನಿ ಮ್ಯಾಲಿನ ಗ್ರಂಥಿ ಮಾಡೋ ಹಾರ್ಮೋನು) ಜಾಸ್ತಿ ಬಂದೈತಿ, ಇಳಿಸಾಕ ಯಾವ ಗುಳಿಗಿ ಅಂತ ಕೇಳೀರಿ. ನಾನು ಡಾಕ್ಟ್ರಲ್ಲ, ಗಂಗಾವತಿ ಕಡೆಯವ, ನಮ್ಮವ್ವನ ಜೋಡಿ ಇದರಾಗ ಬಾಳ ಓಡಾಡೀನಿ.

ಭತ್ತದ ನಾಟಿ ಮಾಡಿ ಮಾಡಿ ಅವ್ವನ ಮೊಣಕಾಲು ಹೋಗಿದ್ವು. ಊರಾಗ ಒಬ್ರು ಪೊಟ್ಟಣದಾಗ ಸಣ್ಣ ಬಿಳಿ ಗುಳಿಗಿ ಕೊಡ್ತಿದ್ರು, ಎರಡು ದಿನಕ್ಕ ನೋವು ಮಾಯ, ಹಂಗಾಗಿ ವರ್ಷದ ಮ್ಯಾಲೆ ನುಂಗಿದ್ಲು. ಮುಖ ಗುಂಡಗಾತು, ಕತ್ತಿನ ಹಿಂದ ಕೊಬ್ಬು ಬಂತು, ಕೈಕಾಲು ಮಾತ್ರ ಕಡ್ಡಿ. ಓಣಿ ಮಂದಿ 'ಅಕ್ಕಾರ, ಮೈ ತುಂಬ್ಕೊಂಡೀರಿ' ಅಂದ್ರ ನಾವೂ ಖುಷಿ ಪಟ್ವಿ. ಆಮ್ಯಾಲೆ ಶುಗರ್, ಬಿಪಿ, ಒಂಚೂರು ತಾಗಿದ್ರ ಚರ್ಮ ಕಪ್ಪಾಗೋದು, ಕುಂತಲ್ಲಿಂದ ಏಳಾಕ ಕೈ ಊರಬೇಕಿತ್ತು. ಯಾರೋ ಆ ಗುಳಿಗಿ ಕೆಟ್ಟದ್ದು ಅಂದ್ರಂತ ಒಂದೇ ದಿನಕ್ಕ ಬಿಡಿಸಿಬಿಟ್ವಿ, ನಾಲ್ಕನೇ ದಿನ ವಾಂತಿ, ಬಿಪಿ ಬಿದ್ದುಹೋತು, ರಾತ್ರೋರಾತ್ರಿ ಬಳ್ಳಾರಿಗೆ ಒಯ್ದ್ವಿ.

ಅಲ್ಲಿ ಕಾರ್ಟಿಸಾಲ್ ಬಾಳ ಕಡಿಮಿ ಬಂತು! ಆ ಗುಳಿಗ್ಯಾಗ ಸ್ಟಿರಾಯ್ಡ್ ಇತ್ತಂತ, ಅಂದ್ರ ಕಾರ್ಟಿಸಾಲ್‌ನಂಗ ಕೆಲಸ ಮಾಡೋ ಔಷಧಿ. ಹೊರಗಿಂದ ಅಷ್ಟು ಸ್ಟಿರಾಯ್ಡ್ ಹೋದ್ರ ಕಿಡ್ನಿ ಮ್ಯಾಲಿನ ಅಡ್ರಿನಲ್ ಗ್ರಂಥಿ ತಾನು ಕಾರ್ಟಿಸಾಲ್ ಮಾಡೋದು ನಿಲ್ಲಿಸಿ ಮಲಗಿಬಿಡ್ತೈತಿ, ಗುಳಿಗಿ ತಟ್ಟನೆ ನಿಂತ್ರ ಅದು ಎದ್ದು ಕೊಡೋಕ್ಕಾಗಲ್ಲ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟು ಉಳಿಸಿದ್ರು, ಆಮ್ಯಾಲೆ ತಿಂಗಳುಗಟ್ಟಲೆ ಡೋಸ್ ಇಳಿಸ್ಕೋತ ಬಂದ್ವಿ. ಅದಕ್ಕ ಕೈ ಮುಗಿದು ಹೇಳ್ತೀನಿ, ಯಾರರ ಸ್ಟಿರಾಯ್ಡ್ ತಗೋತಿದ್ರ ತಾವಾಗೇ ಬಿಡಬ್ಯಾಡ್ರಿ.

ನಿಮ್ಮ ತಂಗಿದು ಜಾಸ್ತಿ ಬಂದೈತಿ, ಅಂದ್ರ ದಾರಿ ಬ್ಯಾರೆ ಇರಬಹುದು. ಆದ್ರೂ ಮೊದ್ಲು ನುಂಗಿದ್ದು ಹಚ್ಚಿದ್ದು ಎಲ್ಲಾ ಕೇಳ್ರಿ, ನೋವಿನ ಪುಡಿ, ಇನ್ಹೇಲರ್, ಮುಖ ಬೆಳ್ಳಗಾಗಾಕ ಹಚ್ಚೋ ಕ್ರೀಮು ಕೂಡ, ಅವುಗಳಾಗ ಎಷ್ಟೋದ್ರಾಗ ಸ್ಟಿರಾಯ್ಡ್ ಇರ್ತೈತಿ. ಮಕ್ಕಳಾಗದಂಗ ಗುಳಿಗಿ ತಗೊಂಡ್ರೂ ರಕ್ತದ ರಿಪೋರ್ಟ್‌ನ್ಯಾಗ ಕಾರ್ಟಿಸಾಲ್ ಏರ್ತೈತಿ. ಒಂದೇ ರಿಪೋರ್ಟ್ ಮ್ಯಾಲೆ ಏನೂ ತೀರ್ಮಾನ ಆಗಲ್ಲ. 24 ತಾಸಿನ ಮೂತ್ರ ಪರೀಕ್ಷೆ, ಇಲ್ಲಂದ್ರ ರಾತ್ರಿ 11ಕ್ಕ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ನುಂಗಿಸಿ ಮುಂಜಾನೆ 8ಕ್ಕ ರಕ್ತ ತಗೊಳ್ಳೋದು, ಮಧ್ಯರಾತ್ರಿ ಉಗುಳಿನ ಪರೀಕ್ಷೆ, ಇವುಗಳಾಗ ಕಡಿಮಿ ಅಂದ್ರ ಎರಡ್ರಾಗ ಏರು ಬಂದ್ಮ್ಯಾಲೆ ಎಸಿಟಿಎಚ್ (ಅಡ್ರಿನಲ್‌ಗೆ ಕಾರ್ಟಿಸಾಲ್ ಮಾಡು ಅಂತ ಹೇಳೋ ಹಾರ್ಮೋನು) ನೋಡಿ ಗಡ್ಡಿ ಹುಡುಕ್ತಾರ.

ಮೆದುಳಿನ ಕೆಳಗ ಪಿಟ್ಯುಟರಿ ಗ್ರಂಥ್ಯಾಗ ಗಡ್ಡಿ ಇದ್ರ ಮೂಗಿನೊಳಗಿಂದ ಆಪರೇಷನ್ ಮಾಡಿ ತೆಗೀತಾರ, ಹಾರ್ವೆ ಕುಶಿಂಗ್ ಅನ್ನೋ ಡಾಕ್ಟ್ರು 1932ರಾಗ ವಿವರಿಸಿದ್ದು ಇದನ್ನ, ರೋಗಕ್ಕ ಅವರ ಹೆಸರೇ ಐತಿ. ಅಡ್ರಿನಲ್ ಗಡ್ಡಿ ಆದ್ರ ಲ್ಯಾಪ್ರೋಸ್ಕೋಪಿ, ಅಂದ್ರ ಹೊಟ್ಟ್ಯಾಗ ಸಣ್ಣ ತೂತು ಮಾಡಿ ಆಪರೇಷನ್. ನೀವು ಕೇಳಿದ ಗುಳಿಗಿ, ಕೀಟೋಕೊನಜೋಲ್, ಮೆಟಿರಪೋನ್ ಅಂತ ಅದಾವು, ಆದ್ರ ಆಪರೇಷನ್ ತನಕ ತಡ್ಯಾಕ ಇಲ್ಲಾ ಆಪರೇಷನ್ ಆಗದವ್ರಿಗೆ. ಕೀಟೋಕೊನಜೋಲ್ ಲಿವರ್ ಮ್ಯಾಲೆ ಹೊಡೀತೈತಿ, ಅಂಗಡ್ಯಾಗ ಕೇಳಿ ತಗೋಬ್ಯಾಡ್ರಿ.

ಆಪರೇಷನ್ ಆದ್ಮ್ಯಾಲೆ ಮೈಕೈ ನೋವು, ಸುಸ್ತು ಅಂತ ಹೆದರಬ್ಯಾಡ್ರಿ, ಉಳಿದ ಗ್ರಂಥಿ ಏಳೋ ತನಕ ಹೈಡ್ರೋಕಾರ್ಟಿಸೋನ್ ಕೊಡ್ತಾರ, ಕೆಲವೊಮ್ಮೆ ವರ್ಷಗಟ್ಟಲೆ. ಜ್ವರ ಬಂದಾಗ ಡೋಸ್ ಎಷ್ಟು ಏರಿಸಬೇಕು, ವಾಂತಿ ಆಗಿ ಗುಳಿಗಿ ಹೊರಬಿದ್ರ ಏನು ಮಾಡಬೇಕು, ಇದನ್ನ ಮನೀಗೆ ಬರೋ ಮುಂಚೆ ಬರೆಸ್ಕೊಳ್ರಿ. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನಿನ ಡಾಕ್ಟ್ರು) ಹತ್ರಾನೇ ತೋರಿಸ್ರಿ, ಹೋಗುವಾಗ ಮನ್ಯಾಗಿನ ಗುಳಿಗಿ ಚೀಟಿ, ಖಾಲಿ ಸ್ಟ್ರಿಪ್, ಕ್ರೀಮಿನ ಟ್ಯೂಬು ಒಂದೂ ಬಿಡದಂಗ ಚೀಲದಾಗ ಹಾಕ್ಕೊಂಡ್ ಹೋಗ್ರಿ.