ಭಾನುವಾರ ಬಾರದ ಹೊಟ್ಟೆನೋವು

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅನ್ನೋಣ. ಹತ್ತು ವರ್ಷ, ಹುಟ್ಟಿ ಬೆಳೆದದ್ದು ಅಮೆರಿಕದ ಡಲ್ಲಾಸಿನಲ್ಲಿ. ಅಜ್ಜಿ ತೀರಿಕೊಂಡು ತಾತ ಒಬ್ಬರೇ ಆದಾಗ ಅಪ್ಪ ಅಮ್ಮ ಮೈಸೂರಿಗೆ ವಾಪಸ್ ಬಂದರು. ಜೂನ್‌ನಲ್ಲಿ ಇಲ್ಲಿ ಐದನೇ ಕ್ಲಾಸಿಗೆ ಸೇರಿಸಿದರು. ಆಗಸ್ಟ್ ಹೊತ್ತಿಗೆ ಕೌನ್ಸೆಲರ್ ಆದ ನನ್ನ ಬಳಿ ಕರೆತಂದರು.

"ದಿನಾ ಬೆಳಿಗ್ಗೆ ಹೊಟ್ಟೆನೋವು ಮೇಡಂ. ಡಾಕ್ಟರ್ ಏನೂ ಇಲ್ಲ ಅಂದ್ರು. ಓದಿನಲ್ಲೂ ಹಿಂದೆ ಬಿದ್ದಿದಾಳೆ, ಟ್ಯೂಷನ್‌ಗೆ ಹಾಕಿದೀವಿ," ಎಂದರು ಅಮ್ಮ.

ಭಾನುವಾರ? "ಇಲ್ಲ, ಆಗ ಚೆನ್ನಾಗೇ ಇರ್ತಾಳೆ."

ಮೊದಲ ದಿನ ಪುಟ್ಟಿ ಮಾತಾಡಲಿಲ್ಲ. ಎರಡನೇ ಸಲ ಶಾಲೆಯ ನಕ್ಷೆ ಬರೆಸಿದೆ. ಇಷ್ಟದ ಜಾಗಕ್ಕೆ ಹಸಿರು, ಬೇಡದ್ದಕ್ಕೆ ಕೆಂಪು. ಆಟದ ಮೈದಾನ ಹಸಿರಾಯಿತು. ಮೂಲೆಯ ಒಂದು ಚೌಕಕ್ಕಂತೂ ಕೆಂಪು ಕ್ರೇಯಾನ್ ಒತ್ತಿ ಒತ್ತಿ ಹಚ್ಚಿ ಕಾಗದವೇ ಹರಿಯಿತು. ಅದು ಟಾಯ್ಲೆಟ್.

"ಕೂತ್ಕೊಳ್ಳೋಕೆ ಸೀಟೇ ಇಲ್ಲ ಆಂಟಿ. ಪೇಪರೂ ಇಲ್ಲ."

ಬೆಳಿಗ್ಗೆ ಎಂಟರಿಂದ ಮೂರೂವರೆ ತನಕ ಅವಳು ತಡೆದುಕೊಂಡೇ ಇರುತ್ತಿದ್ದಳು. ಅದಕ್ಕೇ ನೀರನ್ನೂ ಕುಡಿಯುತ್ತಿರಲಿಲ್ಲ. ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು. ಅಮ್ಮ ಅದಕ್ಕೆ ಗದರಿದ್ದರು, ಯಾಕೆ ಅಂತ ಕೇಳಿರಲಿಲ್ಲ.

ಇನ್ನೊಂದು ಕೆಂಪು ಚೌಕ ಅವಳ ಕ್ಲಾಸ್‌ರೂಮು, ಕಾರಣ ಕನ್ನಡದ ಪೀರಿಯಡ್. ಇದು ನನಗೆ ಆಶ್ಚರ್ಯ. ಮಗು ಕನ್ನಡ ಚೆನ್ನಾಗಿಯೇ ಮಾತಾಡುತ್ತದೆ. ಆದರೆ ಡಲ್ಲಾಸಿನಲ್ಲಿ ಅವಳ ಕನ್ನಡವೆಲ್ಲ ಅಪ್ಪ ಅಮ್ಮನ ಜೊತೆ, ವಿಡಿಯೋ ಕಾಲಿನಲ್ಲಿ ತಾತನ ಜೊತೆ. ಎಲ್ಲರಿಗೂ 'ನೀನು'. ಶಾಲೆಯಲ್ಲೂ ಎದ್ದು ನಿಂತು, "ಮಿಸ್, ನೀನು ಈಗ ಏನು ಬರೆದೆ?" ಎಂದು ಕೇಳಿದ್ದಾಳೆ. ಕ್ಲಾಸಿಗೆ ಕ್ಲಾಸೇ ನಕ್ಕಿದೆ. ಮಿಸ್ ಗದರಿದ್ದಾರೆ. ಅವತ್ತಿನಿಂದ ಆ ಪೀರಿಯಡ್‌ನಲ್ಲಿ ಬಾಯಿಯೇ ಬಿಟ್ಟಿಲ್ಲ. ಮಿಸ್ಸನ್ನೂ ತಪ್ಪು ಅನ್ನಲಾರೆ, ಅವರಿಗೆ ಅದು ಕೊಬ್ಬಿನ ಮಾತಾಗಿ ಕೇಳಿಸಿರಬೇಕು.

ಗಣಿತ ಬರುತ್ತಿತ್ತು, ಕಾಮಾ ಮಾತ್ರ ಅಲ್ಲಿನದು. 1,25,000 ಬರೆಯುವ ಕಡೆ 125,000. ಅದಕ್ಕೆಲ್ಲ ಕೆಂಪು ಶಾಯಿ ಬಿದ್ದು ಮಾರ್ಕ್ಸ್ ಇಳಿದಿತ್ತು. ಟ್ಯೂಷನ್ ಬಿಡಿಸಿ ಎಂದೆ. ಲಕ್ಷದ ಲೆಕ್ಕ ಒಂದು ವಾರದ ಕೆಲಸ, ಮನೆಯಲ್ಲೇ ಆಗುತ್ತದೆ.

ಹೊಟ್ಟೆನೋವಿಗೆ, ಈ ನೀರಿನ ವಿಷಯ ಹೇಳಿ ಮತ್ತೆ ಮಕ್ಕಳ ಡಾಕ್ಟರನ್ನು ಕಾಣಲು ಹೇಳಿದೆ. ಮೂತ್ರದ ಸೋಂಕು, ಮಲಬದ್ಧತೆ ಎರಡೂ ಹೀಗೆ ಬರಬಹುದು. ತಾತನ ಮನೆಯಲ್ಲಿ ಹಳೆಯ ಇಂಡಿಯನ್ ಟಾಯ್ಲೆಟ್ ಇದೆಯಂತೆ. ರಜದ ದಿನ ಅಲ್ಲೇ ಅಭ್ಯಾಸ ಮಾಡಿಸಿ, ನಗಬೇಡಿ. ಅಲ್ಲಿವರೆಗೆ ಬ್ಯಾಗಿನಲ್ಲಿ ಟಿಶ್ಯೂ ಇರಲಿ. ಸಾಧ್ಯವಾದರೆ ಸ್ಟಾಫ್ ಟಾಯ್ಲೆಟ್ಟಿಗೆ ಬಿಡುವಂತೆ ಶಾಲೆಯನ್ನು ಕೇಳಿ.

ಕನ್ನಡಕ್ಕೆ ವಿನಾಯಿತಿ ಸಿಗುತ್ತಾ ಎಂದು ಅಪ್ಪ ಕೇಳಿದರು. 2015ರ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದನೇ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು, ಹೊರಗಿನಿಂದ ಬಂದ ಮಕ್ಕಳಿಗೆ ವಿನಾಯಿತಿ ಇದೆಯೇ ಅಂತ ಶಾಲೆಯನ್ನೇ ಕೇಳಿ ಎಂದೆ. ಆದರೆ ಅವಳಿಗೆ ಬೇಕಿದ್ದದ್ದು ವಿನಾಯಿತಿ ಅಲ್ಲವೇ ಅಲ್ಲ, 'ನೀವು'. ಮೊದಲು ಮಿಸ್ಸನ್ನು ಕಂಡು ವಿಷಯ ಹೇಳಿ ಎಂದೆ. ಅಂಗಡಿಯಾಟ ಆಡಿಸಿ, ಗಿರಾಕಿಗೆ 'ಬನ್ನಿ, ಏನು ಬೇಕಿತ್ತು' ಅನ್ನಲಿ. ಒಂದನೇ ಕ್ಲಾಸಿನ ಪುಸ್ತಕದಿಂದ ಅಕ್ಷರ ಶುರುವಾಗಲಿ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಡಲ್ಲಾಸಿನ ಹಳೇ ಗೆಳತಿಗೆ ಕಾಲ್ ಮಾಡಿಸಿ. ಅಲ್ಲಿ ಆಗ ಶನಿವಾರ ರಾತ್ರಿ ಒಂಬತ್ತು.

ಕೊನೆಗೆ ಸೂಟ್‌ಕೇಸ್ ವಿಷಯ ಬಂತು. ಪುಟ್ಟಿ ತನ್ನದನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ವಾಪಸ್ ಹೋಗ್ತೀವಾ ಅಂದಾಗೆಲ್ಲ ಇವರು "ನೋಡೋಣ" ಅನ್ನುತ್ತಿದ್ದರು.

"ನಮಗೇ ಗೊತ್ತಿಲ್ಲ ಮೇಡಂ," ಎಂದರು ಅಪ್ಪ.

"ಈ ವರ್ಷ ಪೂರ್ತಿ ಇಲ್ಲೇ ಅನ್ನೋದು ಗೊತ್ತಲ್ವಾ? ಅಷ್ಟನ್ನು ಹೇಳಿ."

ಒಂದೂವರೆ ತಿಂಗಳ ಮೇಲೆ ಬಂದಾಗ ಹೊಟ್ಟೆನೋವು ಟೆಸ್ಟ್ ಇರುವ ದಿನಕ್ಕೆ ಇಳಿದಿತ್ತು. ಸೂಟ್‌ಕೇಸ್ ಅರ್ಧ ಖಾಲಿ. ಮಿಸ್ಸಿಗೆ 'ನೀವು' ಅನ್ನುತ್ತಾಳೆ, ಒಮ್ಮೊಮ್ಮೆ ಆಟೋದವರಿಗೂ. ತಾತನಿಗೆ ಮಾತ್ರ ಇನ್ನೂ 'ನೀನು'. ಅದನ್ನು ತಿದ್ದಬೇಡಿ ಅಂತ ತಾತನೇ ಹೇಳಿದ್ದಾರಂತೆ.