ಆಪ್ತಸಲಹೆ ಪ್ರಕರಣ: ಅಟ್ಟದ ಅಡಿಕೆ ಮತ್ತು ಅಕ್ಕನ ಮೌನ

ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ. ಇದೇ ತರಹದ ಪ್ರಕರಣ ಈ ವರ್ಷ ನನ್ನ ಹತ್ತಿರ ಬಂದದ್ದರಲ್ಲಿ ಇದು ನಾಲ್ಕನೆಯದು. ಹಾಗಾಗಿ ಬರೆಯುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗುವ ವಿವರಗಳನ್ನೂ ಲೆಕ್ಕದ ಅಂಕಿಗಳನ್ನೂ ಬದಲಿಸಿದ್ದೇನೆ. ಇಲ್ಲಿ ಅವರನ್ನು ಅಣ್ಣ, ಅಕ್ಕ ಎಂದೇ ಕರೆಯುತ್ತೇನೆ. ನನ್ನ ಕೋಣೆಯಲ್ಲೂ ಹಾಗೇ ಕರೆದದ್ದು.

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಒಳಗೆ, ದಿನಕ್ಕೆ ನಾಲ್ಕು ಬಸ್ಸು ಬರುವ ಊರು. ಮೂರು ಎಕರೆ ಅಡಿಕೆ ತೋಟ. ಅಣ್ಣನಿಗೆ 61, ಅಕ್ಕನಿಗೆ 55. ಅಕ್ಕನ ತವರು ಪುತ್ತೂರಿನ ಕಡೆ. ಮದುವೆಯಾಗಿ ಗಡಿ ದಾಟಿ ಬಂದವರು. ಮಗ ಬೆಂಗಳೂರಿನಲ್ಲಿ, ಮಗಳು ಮೈಸೂರಿನಲ್ಲಿ. ಅಪ್ಪ ಅಮ್ಮ ಇಬ್ಬರನ್ನೂ ನನ್ನಲ್ಲಿಗೆ ಕರೆತಂದದ್ದು ಮಗಳು. "ಅಮ್ಮ ನಾಲ್ಕು ತಿಂಗಳಿಂದ ಅಪ್ಪನ ಹತ್ತಿರ ಸರಿಯಾಗಿ ಮಾತಾಡ್ತಾ ಇಲ್ಲ. ಊಟ ಬಡಿಸುತ್ತಾರೆ, ಅಷ್ಟೇ" ಎಂದಳು.

ಕಾರಣ ಎಲ್ಲರಿಗೂ ಗೊತ್ತಿತ್ತು. ಅಟ್ಟದಲ್ಲಿ ಮೂರು ವರ್ಷದ ಹಳೆ ಅಡಿಕೆ ಇತ್ತು, ಸುಮಾರು 20 ಕ್ವಿಂಟಾಲ್. ಮಗ ಫ್ಲ್ಯಾಟಿಗೆ ಮುಂಗಡ ಕೊಡಬೇಕು ಎಂದಾಗ ಅಣ್ಣ ಅಷ್ಟನ್ನೂ ಮಾರಿ 9 ಲಕ್ಷ ಕಳಿಸಿದ್ದರು. ಅಕ್ಕ ಆಗ ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದರು.

ಮೊದಲ ಎರಡು ಭೇಟಿಯಲ್ಲಿ ನಾನು ಇದನ್ನು ಮಗನಿಗೆ ದುಡ್ಡು ಕೊಟ್ಟದ್ದರ ಜಗಳ ಎಂದೇ ತಿಳಿದಿದ್ದೆ. ಅಕ್ಕನಿಗೆ ಆ ಕೊಡುಗೆ ಇಷ್ಟವಾಗಿಲ್ಲ, ಅಣ್ಣನಿಗೆ ಮಗನ ಮೇಲೆ ಪ್ರೀತಿ ಜಾಸ್ತಿ, ಇಬ್ಬರೂ ಪರಸ್ಪರ ಕೇಳಿಸಿಕೊಂಡರೆ ಸರಿಹೋಗುತ್ತದೆ ಅಂತ. ತಪ್ಪಿದ್ದೆ.

ಮೂರನೇ ಸಲ ಬಂದಾಗ ಜೋರು ಮಳೆ. ಅಣ್ಣ ಹಿಂದಿನ ಸಲ ಹೇಳಿದ್ದನ್ನೇ ಹೇಳಿದರು. "ಮಗನಿಗೆ ತಾನೇ ಕೊಟ್ಟದ್ದು? ಹೊರಗಿನವರಿಗೆ ಕೊಟ್ಟಿದ್ದೇನಾ?" ಅಕ್ಕ ಎಂದಿನಂತೆ ಸುಮ್ಮನಿದ್ದರು. ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದೆ. "ಅಕ್ಕಾ, ಅಡಿಕೆ ಮಾರಿದ್ದು ನಿಮಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು?"

ಅವರು ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಚುತ್ತಾ ಕೂತರು. ಆಮೇಲೆ ಹೇಳಿದರು.

"ಯಾರೂ ಹೇಳ್ಲಿಲ್ಲ ಮೇಡಂ. ಬಸ್ಸಿಳಿದು ಮನೆಗೆ ಬಂದೆ. ಚಪ್ಪಲಿ ಬಿಡುವಾಗಲೇ ಗೊತ್ತಾಯಿತು. ಮನೆಯ ವಾಸನೆಯೇ ಬೇರೆ ಆಗಿತ್ತು. ಮೂವತ್ತು ವರ್ಷದಲ್ಲಿ ಆ ಮನೆಯೊಳಗೆ ಅಡಿಕೆಯ, ಗೋಣಿಯ ಪರಿಮಳ ಇಲ್ಲದ ದಿನ ನನಗೆ ನೆನಪಿಲ್ಲ. ಇವರು ಎಂತದೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಅಟ್ಟ ಹತ್ತಿ ನೋಡಲೂ ಇಲ್ಲ."

ಅಣ್ಣ ಏನೋ ಹೇಳಲು ಹೊರಟರು. ಅಕ್ಕ ತಮ್ಮ ಮಾತು ನಿಲ್ಲಿಸಲಿಲ್ಲ.

"ಮಗನಿಗೆ ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ. ಕೇಳಿದ್ದರೆ ನಾನೂ ಕೊಡಿ ಅಂತಲೇ ಹೇಳ್ತಿದ್ದೆ. ಹೋದ ವರ್ಷ ಇವರಿಗೆ ಎದೆನೋವು ಬಂತಲ್ಲ, ಆವತ್ತು ಮಂಗಳೂರಿನ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿ ಅಂದರು. ನನ್ನ ಪರ್ಸಿನಲ್ಲಿ 4,200 ರೂಪಾಯಿ ಇತ್ತು. ಬ್ಯಾಂಕಿನ ಕಾರ್ಡು ಎಲ್ಲಿದೆ ಗೊತ್ತಿಲ್ಲ. ಸೊಸೈಟಿಯಲ್ಲಿ ಎಷ್ಟಿದೆ ಗೊತ್ತಿಲ್ಲ. ಅಲ್ಲಿಂದ ಬರುವ ಕಾಗದ ಮಲಯಾಳದಲ್ಲಿ, ನನಗೆ ಓದ್ಲಿಕ್ಕೆ ಬರುವುದಿಲ್ಲ. ಆಗ ನನಗೆ ಗೊತ್ತಿದ್ದದ್ದು ಒಂದೇ. ಅಟ್ಟದಲ್ಲಿ ಅಡಿಕೆ ಉಂಟು, ಅಂಗಡಿಯವರಿಗೆ ಫೋನ್ ಮಾಡಿದರೆ ದುಡ್ಡು ಕೊಡ್ತಾರೆ. ಹಾಗೇ ಮಾಡಿದ್ದು. ಈಗ ಅದೂ ಇಲ್ಲ."

ಅಣ್ಣ ತಲೆ ಬಗ್ಗಿಸಿದರು. ಸ್ಟೆಂಟ್ ಹಾಕಿದ ದಿನ ಮುಂಗಡ ಕಟ್ಟಿದ್ದು ಹೇಗೆ ಎಂದು ಅವರು ಇದುವರೆಗೆ ಕೇಳಿಯೇ ಇರಲಿಲ್ಲ. ನೆಂಟರು ಯಾರೋ ಕೊಟ್ಟಿರಬೇಕು ಎಂದುಕೊಂಡಿದ್ದರಂತೆ.

ನಾನು ಆ ಹೊತ್ತು ಮಾತಾಡಲಿಲ್ಲ. ಅಕ್ಕನಿಗೆ ಆ ಅಟ್ಟ ಏನಾಗಿತ್ತು ಎಂದು ನನಗೆ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು. ಮನೆಯ ಉಳಿತಾಯದಲ್ಲಿ ಅವರ ಕಣ್ಣಿಗೆ ಕಾಣುತ್ತಿದ್ದದ್ದು ಅದೊಂದೇ. ಉಳಿದದ್ದೆಲ್ಲ ಅಣ್ಣನ ತಲೆಯಲ್ಲಿ ಮತ್ತು ಅಣ್ಣನ ಪೆಟ್ಟಿಗೆಯಲ್ಲಿತ್ತು.

ಅಣ್ಣ ಕೆಟ್ಟವರಲ್ಲ. ಇದನ್ನು ಒತ್ತಿ ಹೇಳಬೇಕು. ಒಂದು ಪೈಸೆ ಪೋಲು ಮಾಡದ ಮನುಷ್ಯ. ನಮ್ಮ ಕಡೆ ಅಡಿಕೆಯನ್ನು ಅಟ್ಟದಲ್ಲಿ ಇಡುವುದು ದಡ್ಡತನವೂ ಅಲ್ಲ. ಹೊಸ ಅಡಿಕೆಗಿಂತ ಹಳತಕ್ಕೆ ದರ ಜಾಸ್ತಿ, ಬೇಕಾದಾಗ ಒಂದೆರಡು ಚೀಲ ಕೊಡಬಹುದು, ಯಾವ ಫಾರ್ಮೂ ತುಂಬಬೇಕಿಲ್ಲ. ಆದರೆ ಹುಳು ಹಿಡಿದರೆ, ದರ ಬಿದ್ದರೆ? 1970-71ರಲ್ಲಿ ದರ ನೆಲಕಚ್ಚಿದ್ದನ್ನು ಅಣ್ಣನ ಅಪ್ಪ ಕಂಡಿದ್ದರು. ಆ ಪೆಟ್ಟಿನಿಂದಲೇ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ್ದು. ಈಗ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಬೇರೆ. ಒಂದೇ ತೋಟ, ಒಂದೇ ಬೆಳೆ, ಅದರದ್ದೇ ಅಡಿಕೆ ಅಟ್ಟದಲ್ಲಿ. ಪೆಟ್ಟು ಬಿದ್ದರೆ ಎಲ್ಲಕ್ಕೂ ಒಟ್ಟಿಗೇ ಬೀಳುತ್ತದೆ.

ಇನ್ನೊಂದು ವಿಷಯ. ಸಂಬಳದವರಿಗೆ ನಿವೃತ್ತಿಯ ತಾರೀಕು ಗೊತ್ತಿರುತ್ತದೆ. ತೋಟದವರಿಗೆ ಅಂಥ ತಾರೀಕು ಇಲ್ಲ. "ನಾನು ಸಾಯುವವರೆಗೆ ತೋಟಕ್ಕೆ ಹೋಗುತ್ತೇನೆ" ಎಂದು ಅಣ್ಣ ಹೆಮ್ಮೆಯಿಂದ ಹೇಳಿದರು. ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವರೇ ಅಡಿಕೆ ಮರಕ್ಕೆ ಮದ್ದು ಬಿಡಲು, ಕೊಯ್ಲಿಗೆ, ಸುಲಿಯಲು ಎಲ್ಲದಕ್ಕೂ ಆಳು ಕರೆಯುತ್ತಿದ್ದಾರೆ. ನಿವೃತ್ತಿ ಆಗಲೇ ಶುರುವಾಗಿದೆ ಅಲ್ವಾ ಎಂದು ಕೇಳಿದೆ. ಅವರಿಗೆ ಆ ಮಾತು ಹಿಡಿಸಲಿಲ್ಲ. ಆದರೂ ಹೇಳಬೇಕಿತ್ತು.

ಮುಂದಿನ ಭೇಟಿಗೆ ಬರುವಾಗ ಮನೆಯಲ್ಲಿರುವ ಕಾಗದ ಎಲ್ಲವನ್ನೂ ತನ್ನಿ ಎಂದೆ. ಒಂದು ಬಟ್ಟೆಯ ಚೀಲ ತುಂಬ ಬಂತು. ಸೊಸೈಟಿಯ ಠೇವಣಿ ರಸೀದಿಗಳು, ಒಟ್ಟು 11 ಲಕ್ಷ, ಎಲ್ಲ ಒಂದೇ ಸೊಸೈಟಿಯಲ್ಲಿ, ಎಲ್ಲ ಅಣ್ಣನೊಬ್ಬರ ಹೆಸರಲ್ಲಿ. ಎರಡು ರಸೀದಿಯಲ್ಲಿ ನಾಮಿನಿ ಅಣ್ಣನ ತಾಯಿ. ಅವರು ತೀರಿಕೊಂಡು ಎಂಟು ವರ್ಷವಾಗಿದೆ.

ಮನೆಖರ್ಚಿನ ಲೆಕ್ಕ ಮಾತ್ರ ಅಕ್ಕನ ಬಾಯಲ್ಲಿತ್ತು. ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲು, ಗ್ಯಾಸು, ಔಷಧ, ನಾಗನಿಗೆ ದೈವಕ್ಕೆ ಕೊಡುವ ತಂಬಿಲ, ಶ್ರಾದ್ಧ, ಮದುವೆ ಮುಂಜಿಯ ಉಡುಗೊರೆ, ಒಂದೂ ಬಿಡದೆ ಹೇಳಿದರು. ತಿಂಗಳಿಗೆ 26,000 ಆಯಿತು. "ನೋಡಿ, ಇಷ್ಟು ಖರ್ಚು ಮಾಡಿದರೆ ಉಳಿಯುವುದು ಎಲ್ಲಿಂದ?" ಎಂದರು ಅಣ್ಣ. ಆಗ ಅಕ್ಕ ಹೇಳಿದರು, "ಕೆಲಸದವರ ಚಾ, ತಿಂಡಿ, ಊಟವೂ ಇದರಲ್ಲೇ ಅಲ್ವಾ? ಮದ್ದು ಬಿಡುವ ದಿನ ಏಳು ಜನಕ್ಕೆ ಬಡಿಸಿದ್ದೇನೆ." ಅದನ್ನು ಬೇರೆ ಮಾಡಿ ಕೂಡಿಸಿದೆವು. ಇಬ್ಬರ ಮನೆಖರ್ಚು 18,000. ಉಳಿದ 8,000 ತೋಟದ್ದು. ವರ್ಷಗಟ್ಟಲೆ ತೋಟದ ಖರ್ಚಿನ ಬೈಗುಳವನ್ನು ಅಡುಗೆಮನೆ ತಿಂದಿತ್ತು. ತೋಟವಿರುವ ಪ್ರತಿ ಮನೆಯಲ್ಲೂ ಈ ಎರಡು ಲೆಕ್ಕವನ್ನು ಬೇರೆ ಬರೆಯಿರಿ ಎಂದು ನಾನು ಬೇಡಿಕೊಳ್ಳುತ್ತೇನೆ.

ತಿಂಗಳ ಬಜೆಟ್ ಎಂಬುದು ಇಂಥ ಮನೆಗೆ ಕೂಡಿಬರುವುದಿಲ್ಲ. ದುಡ್ಡು ಬರುವುದು ಕೊಯ್ಲಾಗಿ, ಅಂಗಳದಲ್ಲಿ ನಲುವತ್ತು ದಿನ ಒಣಗಿ, ಸುಲಿದು ಮಾರಿದಾಗ. ಹೋಗುವುದು ಎಲ್ಲ ತಿಂಗಳೂ. ಹಾಗಾಗಿ ಒಂದು ವರ್ಷದ ಹಾಳೆ ಹಾಕಿದೆವು. ಮಳೆಗಾಲದ ಕಷ್ಟದ ತಿಂಗಳಾದ ಆಟಿಯ ಸಾಲು ಬಂದಾಗ ಅಕ್ಕನನ್ನು ಕೇಳಿದೆ, "ಆಟಿಗೆಂದು ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿಟ್ಟ ಭರಣಿಯನ್ನು ಬೇಸಿಗೆಯಲ್ಲೇ ಯಾರಾದರೂ ಕೇಳಿದರೆ ಕೊಡ್ತೀರಾ?" "ಸ್ವಲ್ಪ ಕೊಡ್ತೇನೆ. ಭರಣಿ ಕೊಡುವುದಿಲ್ಲ" ಎಂದರು. ಅಣ್ಣ ಆಗ ಮೊದಲ ಸಲ ಅವರ ಮುಖ ನೋಡಿದರು.

ನಾನು ಕೊಟ್ಟ ಸಲಹೆ ಇದು. ಇನ್ನು ಒಂದು ವರ್ಷ ಮಕ್ಕಳಿಗೆ ದೊಡ್ಡ ಮೊತ್ತ ಕೊಡಬೇಡಿ. ಅದನ್ನು ಮಗನಿಗೆ ಅಣ್ಣನೇ ಹೇಳಬೇಕು, ಅಕ್ಕನ ಮೇಲೆ ಹಾಕಬಾರದು. ಠೇವಣಿಗಳಿಗೆ ಅಕ್ಕನ ಹೆಸರನ್ನೂ ಸೇರಿಸಿ, ಇಬ್ಬರಲ್ಲಿ ಯಾರು ಸಹಿ ಹಾಕಿದರೂ ನಡೆಯುವ ಹಾಗೆ ಮಾಡಿಸಿ. ನಾಮಿನಿ ಬದಲಿಸಿ. ಕನ್ನಡದಲ್ಲಿ ಒಂದು ಪುಸ್ತಕ ಮಾಡಿ, ಯಾವ ದುಡ್ಡು ಎಲ್ಲಿದೆ ಎಂದು ಅಕ್ಕನೇ ಬರೆಯಲಿ. ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗೆ ಕಾನೂನಿನಲ್ಲೇ ಇದೆ. ಸೊಸೈಟಿಯ ಕಾಗದವನ್ನು ಅಣ್ಣ ಓದಿ ಹೇಳಲಿ.

ಎಲ್ಲವನ್ನೂ ಒಂದೇ ಸೊಸೈಟಿಯಲ್ಲಿ ಇಡಬೇಡಿ ಎಂದೂ ಹೇಳಿದೆ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮಾ ನಿಗಮದ ರಕ್ಷಣೆ ಇದೆ. ಊರಿನ ಪ್ರಾಥಮಿಕ ಸಹಕಾರಿ ಸಂಘಗಳು ಆ ವಿಮೆಯ ಒಳಗೆ ಬರುವುದಿಲ್ಲ. ನಾನು ಹಣಕಾಸಿನ ತಜ್ಞೆ ಅಲ್ಲ. ಆದ್ದರಿಂದ ಇಬ್ಬರನ್ನೂ ಒಟ್ಟಿಗೆ ಅಂಚೆ ಕಚೇರಿಗೆ ಕಳಿಸಿದೆ. ಅಲ್ಲಿ 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಐದು ವರ್ಷದ ಅವಧಿ, ಒಬ್ಬರಿಗೆ 30 ಲಕ್ಷದವರೆಗೆ. ಗಂಡ ಹೆಂಡತಿ ಜೊತೆಯಾಗಿ ತೆರೆಯಬಹುದು, ಎರಡನೆಯವರಿಗೆ 60 ಆಗಿರಬೇಕೆಂದಿಲ್ಲ. ಬಡ್ಡಿ 8.2 ಶೇಕಡಾ ಇದ್ದ ಲೆಕ್ಕದಲ್ಲಿ 6 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 12,300 ರೂಪಾಯಿ ಕೈಗೆ ಬರುತ್ತದೆ. 18,000ದ ಮನೆಖರ್ಚಿಗೆ ಅದು ಸಾಲದು. ಆದರೆ ಆಟಿಯಲ್ಲೂ ಬರುತ್ತದೆ, ಮತ್ತು ಅದು ಎಲ್ಲಿಂದ ಬರುತ್ತದೆ ಎಂದು ಅಕ್ಕನಿಗೆ ಗೊತ್ತಿರುತ್ತದೆ.

ಅಟ್ಟ ಬಿಡಿ ಎಂದು ನಾನು ಹೇಳಲಿಲ್ಲ. ಒಂದು ಪಾಲು ಅಡಿಕೆ ಅಲ್ಲಿ ಇರಲಿ, ಅದನ್ನು ಇಬ್ಬರೂ ಒಪ್ಪದೆ ಇಳಿಸಬಾರದು ಎಂದೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಹೆಚ್ಚಿನವರು ಓಡುವುದು ಮಂಗಳೂರಿಗೆ. 2020ರಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಎಷ್ಟು ಮನೆಗಳು ನಲುಗಿದವು ಎಂದು ನಾನು ಹತ್ತಿರದಿಂದ ಕಂಡಿದ್ದೇನೆ. ತಕ್ಷಣಕ್ಕೆ ಕೈಗೆ ಸಿಗುವ ದುಡ್ಡು ಮನೆಯಲ್ಲಿ ಬೇಕೇ ಬೇಕು.

ತೋಟವನ್ನು ಈಗಲೇ ಮಗನ ಹೆಸರಿಗೆ ದಾನಪತ್ರ ಮಾಡುವ ಯೋಚನೆ ಅಣ್ಣನಿಗಿತ್ತು. ಅದನ್ನು ತಡೆದೆ. ಕೊಟ್ಟ ಮೇಲೆ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಅದನ್ನು ವಾಪಸ್ ಕೇಳಬಹುದು, ನಿಜ. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದರೆ ಮಾತ್ರ ಅದು ಸುಲಭ. ಅದರ ಬದಲು ವಿಲ್ ಬರೆಯಿರಿ, ಇಬ್ಬರು ಸಾಕ್ಷಿ ಸಹಿ ಹಾಕಿದರೆ ಸಾಕು, ಮನಸ್ಸು ಬದಲಾದರೆ ಬದಲಿಸಬಹುದು ಎಂದೆ.

ಈ ಪ್ರಕರಣ ಕೇಳಿದ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು. ನಮ್ಮ ಕೆಲಸ ಮನಸ್ಸಿನದ್ದು, ದುಡ್ಡಿನ ವಿಷಯಕ್ಕೆ ಕೈ ಹಾಕಬಾರದು, ಅಪ್ಪ ಮಗನ ನಡುವೆ ನೀನು ಗೋಡೆ ಕಟ್ಟಿದೆ ಎಂದರು. ತುಂಬ ದಿನ ಆ ಮಾತು ಕೊರೆಯಿತು. ಆದರೂ ನಾನು ಒಪ್ಪುವುದಿಲ್ಲ. ಅಕ್ಕನ ನಿದ್ದೆ ಹೋದದ್ದು ಆ ಖಾಲಿ ಅಟ್ಟದಿಂದ. ಅವರು ಅಣ್ಣನಿಗಿಂತ ಆರು ವರ್ಷ ಚಿಕ್ಕವರು. 85ರವರೆಗೆ ಬದುಕಿದರೆ ಇನ್ನು ಮೂವತ್ತು ವರ್ಷ. ಆ ಮೂವತ್ತು ವರ್ಷದ ಅನ್ನ ಎಲ್ಲಿದೆ ಎಂದು ತೋರಿಸದೆ, ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಲು ನನಗೆ ಮನಸ್ಸಾಗಲಿಲ್ಲ. ಮಗನಿಗೂ ಇದರಿಂದ ಅನ್ಯಾಯವಾಗಿಲ್ಲ. ನಾಳೆ ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಅವನ ಸಾಲದ ಕಂತಿನ ಮೇಲೆ ಬಿದ್ದರೆ ಅವನಿಗೂ ಕಷ್ಟವೇ.

ಕಳೆದ ತಿಂಗಳು ಇಬ್ಬರೂ ಬಂದಿದ್ದರು. ಅಕ್ಕನ ಕೈಯಲ್ಲಿ ಇನ್ನೂರು ಪುಟದ ಪುಸ್ತಕ. ಮೊದಲ ಪುಟದಲ್ಲಿ "ಅಟ್ಟ: 7 ಚೀಲ" ಎಂದು ಬರೆದು, ಕೆಳಗೆ ಇಬ್ಬರೂ ಸಹಿ ಹಾಕಿದ್ದಾರೆ. ಸಹಿ ಹಾಕಿ ಎಂದು ನಾನು ಹೇಳಿರಲಿಲ್ಲ. ಇಬ್ಬರೂ ಮಾತಾಡುತ್ತಾರೆ, ಮುಂಚಿನಷ್ಟೇ ಕಡಿಮೆ.

ಮಗ ಮುನಿಸಿಕೊಂಡಿದ್ದಾನೆ. ಅಪ್ಪನ ಫೋನ್ ತೆಗೆಯುವುದಿಲ್ಲವಂತೆ, ಅಮ್ಮನ ಹತ್ತಿರ ಮಾತ್ರ ಮಾತು. ಇದು ಅಣ್ಣನಿಗೆ ತುಂಬ ನೋವು ಕೊಟ್ಟಿದೆ. ಮುಂದಿನ ಶನಿವಾರ ಅವನು ಊರಿಗೆ ಬರುವಾಗ ನನ್ನನ್ನೂ ನೋಡುತ್ತಾನಂತೆ. ಸಿಟ್ಟಿನಲ್ಲೇ ಬರುತ್ತಾನೆ, ಬರಲಿ. ಅವನಿಗೂ ಮನೆ ಇದೆ, ಹೆಂಡತಿ ಇದ್ದಾಳೆ, ಇಪ್ಪತ್ತು ವರ್ಷದ ಸಾಲ ಇದೆ. ಕಂತು ಎಷ್ಟು, ಅದು ಅವನ ಹೆಂಡತಿಗೆ ಗೊತ್ತುಂಟಾ ಎಂದು ಮೊದಲು ಕೇಳಬೇಕೆಂದಿದ್ದೇನೆ.