ಬೆಳ್ಳಿಯ ಪದರ ಹೆಚ್ಚಿಸಿದರೂ ಪ್ರೋಟೀನ್ ಕಾಣುತ್ತಿಲ್ಲವೇಕೆ?

ಪ್ರಶ್ನೆ: ಗಾಜಿನ ಮೇಲೆ ಧನ ಆವೇಶದ ಪಿಡಿಡಿಎ ಪಾಲಿಮರ್, ಅದರ ಮೇಲೆ ಸಿಟ್ರೇಟ್ ಹೊದಿಕೆಯ ಬೆಳ್ಳಿಯ ನ್ಯಾನೋಕಣ, ಹೀಗೆ ಐದು ಸುತ್ತು ಕೂರಿಸಿದ್ದೇನೆ. ಬಫರಿನಲ್ಲಿ ಕರಗಿಸಿದ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್) ಪ್ರೋಟೀನಿನ ಹನಿಯನ್ನು ಮೇಲೆ ಒಣಗಿಸಿ, 532 ನ್ಯಾ.ಮೀ. ಲೇಸರನ್ನು 10 ಮಿಲಿವ್ಯಾಟ್‌ನಲ್ಲಿ ಬಿಟ್ಟರೆ ರಾಮನ್ ರೋಹಿತದಲ್ಲಿ (ಅಣುಗಳು ಚದುರಿಸಿದ ಬೆಳಕಿನಲ್ಲಿ ಮೂಡುವ ಅವುಗಳ ಗುರುತು) 1350 ಮತ್ತು 1580 ಸೆಂ.ಮೀ⁻¹ ಬಳಿ ಎರಡು ಅಗಲ ಉಬ್ಬುಗಳಷ್ಟೇ ಬರುತ್ತಿವೆ. ಪದರ ಇನ್ನೂ ಹೆಚ್ಚಿಸಲೇ?
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಬೇಡ. ಆ ಉಬ್ಬುಗಳು ಇಂಗಾಲದವು. ಲೇಸರಿನ ಬಿಸಿಗೆ ಮಾದರಿ ಕರಕಲಾಗುತ್ತಿದೆ. ಶಕ್ತಿಯನ್ನು 1 ಮಿಲಿವ್ಯಾಟ್‌ಗಿಂತ ಕೆಳಗಿಳಿಸಿ. ಒಂದೇ ಜಾಗದಲ್ಲಿ ಹತ್ತು ಹತ್ತು ಸೆಕೆಂಡಿನ ರೋಹಿತಗಳನ್ನು ಸಾಲಾಗಿ ತೆಗೆಯಿರಿ. ಉಬ್ಬು ಬೆಳೆಯುತ್ತ ಹೋದರೆ ಇನ್ನೂ ಸುಡುತ್ತಿದೆ ಎಂದೇ ಅರ್ಥ.

ಆದರೆ ದೊಡ್ಡ ತೊಂದರೆ ಬೇರೆ ಇದೆ. ಬೆಳ್ಳಿಯಿಂದ ರಾಮನ್ ಸಂಕೇತ ಅತಿಯಾಗಿ ವರ್ಧಿಸುವುದು ಕಣ ಕಣಗಳ ನಡುವಿನ ಒಂದೆರಡು ನ್ಯಾನೋಮೀಟರ್ ಸಂದಿಯಲ್ಲಿ. ನಿಮ್ಮ ಪದರಗಳ ನಡುವಿನ ಆ ಜಾಗವನ್ನು ಪಿಡಿಡಿಎ ಆಕ್ರಮಿಸಿ ಕೂತಿದೆ. ಸುಮಾರು 8 ನ್ಯಾ.ಮೀ. ಗಾತ್ರದ ಬಿಎಸ್‌ಎ ಒಳಗೆ ನುಸುಳಲಾರದು. ಸಾಲದ್ದಕ್ಕೆ, ಪಿಎಚ್ 7ರಲ್ಲಿ ಬಿಎಸ್‌ಎಯೂ ಸಿಟ್ರೇಟ್ ಹೊದ್ದ ಬೆಳ್ಳಿಯೂ ಎರಡೂ ಋಣ ಆವೇಶದವು, ಒಂದನ್ನೊಂದು ದೂಡುತ್ತವೆ. ಲೋಹದಿಂದ ಕೆಲವೇ ನ್ಯಾನೋಮೀಟರ್ ದೂರವಾದರೂ ಸಂಕೇತ ಪಾತಾಳಕ್ಕಿಳಿಯುತ್ತದೆ. ಐದರ ಜಾಗದಲ್ಲಿ ಹತ್ತು ಪದರ ಹಾಕಿದರೂ ಇದು ಬದಲಾಗದು.

ಹಾಗಾಗಿ ಬೆಳ್ಳಿ ಪದರಗಳ ನಡುವೆ ಪಿಡಿಡಿಎ ಬದಲು ಪ್ರೋಟೀನನ್ನೇ ಅಂಟಾಗಿ ಬಳಸಿ. ಮೊದಲ ಪ್ರಯತ್ನಕ್ಕೆ ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ ಪ್ರೋಟೀನ್ ಒಳ್ಳೆಯದು. ಅದರ ಸಮವಿದ್ಯುತ್ ಬಿಂದು (ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್) 11ರ ಆಸುಪಾಸು, ಪಿಎಚ್ 7ರಲ್ಲಿ ಧನ ಆವೇಶವಿರುತ್ತದೆ. ಪಿಡಿಡಿಎ ಮೇಲೆ ಒಂದೇ ಬೆಳ್ಳಿ ಪದರ ಕೂರಿಸಿ, ಮಿ.ಲೀ.ಗೆ 0.1 ಮಿ.ಗ್ರಾಂ ಲೈಸೋಜೈಮ್ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿಡಿ. ಡಿಅಯನೈಸ್ಡ್ ನೀರಿನಲ್ಲಿ ಮೂರು ಬಾರಿ ತೊಳೆದು, ಮತ್ತೆ ನೀರಿನಲ್ಲಿ ತೇಲುವ ಬೆಳ್ಳಿ ಕಣಗಳ ದ್ರವದಲ್ಲಿ, ಅಂದರೆ ಬೆಳ್ಳಿ ಕೊಲಾಯ್ಡ್‌ನಲ್ಲಿ ಒಂದೆರಡು ಗಂಟೆ ಮುಳುಗಿಸಿ. ತೊಳೆಯುವುದರಲ್ಲಿ ಜಿಪುಣತನ ಬೇಡ: ಅಂಟದೆ ಉಳಿದ ಪ್ರೋಟೀನ್ ಕೊಲಾಯ್ಡನ್ನೇ ಗಂಟುಗಟ್ಟಿಸುತ್ತದೆ, ಹಳದಿ ಬಣ್ಣ ಬೂದಿಗೆ ತಿರುಗುತ್ತದೆ. ಉಪ್ಪು ಬೆರೆತ ಫಾಸ್ಫೇಟ್ ಬಫರಾದ ಪಿಬಿಎಸ್‌ನಲ್ಲಿರುವ ಕ್ಲೋರೈಡೂ ಅದನ್ನೇ ಮಾಡುತ್ತದೆ. ಬಫರಾಗಿ 1 ಮಿಲಿಮೋಲಾರ್ ಫಾಸ್ಫೇಟ್ ಸಾಕು.

ಬಿಎಸ್‌ಎಯೇ ಬೇಕೆಂದರೆ ಅದರ ಸಮವಿದ್ಯುತ್ ಬಿಂದು 4.7, ಪಿಎಚ್ 4ರ ಅಸಿಟೇಟ್ ಬಫರಿನಲ್ಲಿ ಅಂಟುತ್ತದೆ. ಆದರೆ ಆ ಹುಳಿಯಲ್ಲಿ ಅದರ ಮಡಿಕೆ ಸ್ವಲ್ಪ ಸಡಿಲವಾಗುವುದರಿಂದ, ಆ ರೋಹಿತ ನೋಡಿ ರಚನೆಯ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಮೊದಲು ಹುಡುಕಬೇಕಾದ್ದು 1003 ಸೆಂ.ಮೀ⁻¹ನ ಫಿನೈಲ್‌ಅಲನೀನ್ ಗೆರೆ. 1650ರ ಬಳಿಯ ಅಮೈಡ್-1 (ಪ್ರೋಟೀನ್ ಸರಪಳಿಯ ಬೆನ್ನೆಲುಬಿನ ಗೆರೆ) ಬರಲಿಲ್ಲವೆಂದು ಗಾಬರಿಯಾಗಬೇಡಿ, ಬೆಳ್ಳಿಯ ಮೇಲೆ ಅದು ಎಷ್ಟೋ ಸಲ ಮಂಕಾಗಿಯೇ ಇರುತ್ತದೆ. ಪ್ರೋಟೀನ್ ಬದಲು ಪಿಡಿಡಿಎ ಹಾಕಿದ ಇನ್ನೊಂದು ಚೂರನ್ನೂ ಅದೇ ದಿನ ಅಳೆಯಿರಿ. 1400ರ ಬಳಿಯ ಸಿಟ್ರೇಟ್ ಗೆರೆಯನ್ನು ಪ್ರೋಟೀನಿನದೆಂದು ಓದುವ ಎಡವಟ್ಟು ತಪ್ಪುತ್ತದೆ.